ಹಿಜಾಮ್ ಗುರುತಿಸಿದ ಹತ್ತೊಂಬತ್ತು ಉಂಗುರಗಳು

ಸನಾ ನಗರದ ಹಳೇ ಪೇಟೆಗೆ ಇನ್ನೂ ಬಿಸಿಲು ಇಳಿದಿಲ್ಲ. ಬೆಳ್ಳಿ ಕೆಲಸದವರ ಓಣಿಯಲ್ಲಿ ತೆರೆದಿರುವುದು ಒಂದೇ ಅಂಗಡಿ. ಆಸ್ಪತ್ರೆಯ ಶವಾಗಾರದ ಆಳು ದರ್ಹಮ್ ಕಾಗದದ ಪೊಟ್ಟಣವೊಂದನ್ನು ಹಾಜಿ ಹಿಜಾಮರ ಮುಂದಿಡುತ್ತಾನೆ.

"ಬೇಗ ನೋಡಿ ಹಾಜಿ, ನಾನಿನ್ನೂ ಚಾ ಕುಡಿದಿಲ್ಲ."

"ಸತ್ತವನಿಗೇ ಇಲ್ಲದ ಅವಸರ ನಿನಗ್ಯಾಕಯ್ಯಾ? ಕೂತ್ಕೋ."

ಪೊಟ್ಟಣದಲ್ಲಿರುವುದು ಮಸಿ ಹಿಡಿದ ಉಂಗುರ. ಹಿಜಾಮ್ ಅದನ್ನು ತೊಳೆದು, ಕೆಂಪು ಅಕೀಕ್ ಹರಳನ್ನು ನೋಡದೆ, ಮಗುಚಿ ಹಿಡಿಯುತ್ತಾರೆ. "ಕಲ್ಲು ಎಲ್ಲರದ್ದೂ ಕೆಂಪೇ. ಮಾಡಿದವನ ಕೈ ತಿಳಿಯೋದು ಹಿಂಬದೀಲಿ," ಎನ್ನುತ್ತಾರೆ. ಅರದ ಗೀರು, ಬೆಸುಗೆಯ ಗಂಟು, ಹರಳಿನ ಸುತ್ತ ಬೆಳ್ಳಿಯ ಅಂಚನ್ನು ಒತ್ತಿರುವ ರೀತಿ, ಎಲ್ಲವನ್ನೂ ಬೆರಳಿನಿಂದ ತಡವುತ್ತಾರೆ. ಕೊನೆಗೆ ತಲೆಯಾಡಿಸುತ್ತಾರೆ. ಇದು ಅವರ ಕೈ ದಾಟಿದ ಉಂಗುರವಲ್ಲ.

ಅರವತ್ತೆರಡರ ಹಿಜಾಮ್ ಹರಳು ಕೂರಿಸುವವರ ನಾಲ್ಕನೇ ತಲೆಮಾರು. ಅಜ್ಜನಿಂದ ಮೊಮ್ಮಗನಿಗೆ ಇಳಿದು ಬಂದ ಹಳೆಯ ಉಂಗುರಗಳು ಸವೆದರೆ, ಸೀಳು ಬಿಟ್ಟರೆ ಅವರಲ್ಲಿಗೇ ಬರುತ್ತವೆ. ಕಲ್ಲು ಉಜ್ಜಿದ ಧೂಳು ಎದೆಯಲ್ಲಿ ಕೂತಿದೆ. ನಾಲ್ಕು ಮಾತಿಗೊಮ್ಮೆ ಕೆಮ್ಮು. ಯುದ್ಧಕ್ಕೆ ಮೊದಲು ದಿನಕ್ಕೆ ಐದಾರು ಉಂಗುರ ರಿಪೇರಿಗೆ ಬರುತ್ತಿದ್ದವು, ಈಗ ವಾರಕ್ಕೊಂದು ಬಂದರೆ ಹೆಚ್ಚು. ಬಾಂಬು ಬಿದ್ದ ದಿನ ಮಾತ್ರ ಆಸ್ಪತ್ರೆಯವರು ಬರುತ್ತಾರೆ. ಮುಖ ಗುರುತು ಸಿಗದ ಹತ್ತೊಂಬತ್ತು ಮಂದಿಯನ್ನು ಹಿಜಾಮ್ ಉಂಗುರ ನೋಡಿ ಹೆಸರಿಸಿದ್ದಾರೆ.

"ಹದಿನೆಂಟು ಸರಿ, ಒಂದು ತಪ್ಪು," ಎಂದು ತಾವೇ ತಿದ್ದುತ್ತಾರೆ.

ಹೋದ ಚಳಿಗಾಲದ ಮಾತು. ಆಸ್ಪತ್ರೆಯಿಂದ ಬಂದ ಉಂಗುರದಲ್ಲಿ ಹಿಜಾಮರದೇ ಬೆಸುಗೆಯಿತ್ತು. ನೂರು ವರ್ಷ ಹಳೆಯ ಆ ಉಂಗುರವನ್ನು ಹಿಂದೊಮ್ಮೆ ಮುಕ್ಬಿಲ್ ಎಂಬ ಲಾರಿ ಚಾಲಕ ರಿಪೇರಿಗೆ ತಂದಿದ್ದ. ಹಿಜಾಮ್ ಅವನ ಹೆಸರು ಹೇಳಿದರು. ಊರೂರು ತಿರುಗುವ ಗಂಡನಿಂದ ವಾರದಿಂದ ಸುದ್ದಿಯಿಲ್ಲದ ಹೆಂಡತಿ ತಕಿಯ್ಯಾ ನಂಬಿದಳು. ಅಂದೇ ಮಣ್ಣು ಮಾಡಿದರು.

ಮೂರನೇ ದಿನ ಮುಕ್ಬಿಲ್ ಮನೆಯ ಬಾಗಿಲು ತಟ್ಟಿದ. ತಿಂಗಳ ಹಿಂದೆಯೇ ಹೆಂಡತಿಗೆ ತಿಳಿಸದೆ ಉಂಗುರ ಮಾರಿ ಹಿಟ್ಟು ತಂದಿದ್ದನಂತೆ. ತಕಿಯ್ಯಾ ನೇರ ಅಂಗಡಿಗೆ ಬಂದಳು.

"ನನ್ನ ಗಂಡ ವಾಪಸ್ ಬಂದ ಹಾಜಿ. ನಾನು ಅತ್ತದ್ದು ಯಾರ ಗಂಡನಿಗೆ?"

ಹಿಜಾಮ್ ಅಂಗಡಿ ಮುಚ್ಚಿ ಉಂಗುರ ಕೊಂಡವರನ್ನು ಹುಡುಕುತ್ತಾ ಹೋದರು. ಹಳೇ ಬೆಳ್ಳಿಯ ವ್ಯಾಪಾರಿಯೊಬ್ಬ ಅದನ್ನು ಕರಾವಳಿ ಕಡೆಯ ಮಾತಿನ ಗಿರಾಕಿಗೆ ಮಾರಿದ್ದ. ಹೆಸರು ಕೇಳಿರಲಿಲ್ಲ. ಹಿಜಾಮ್ ಕರಾವಳಿಯ ಹುದೈದಾವರೆಗೂ ಎರಡು ಸಲ ಹೋಗಿ ಬಂದರು. ಯಾರೂ ಸಿಗಲಿಲ್ಲ. ಮುಕ್ಬಿಲ್ ತಾನೇ ಸ್ಮಶಾನಕ್ಕೆ ಹೋಗಿ ಗೋರಿಕಲ್ಲಿನ ಮೇಲಿದ್ದ ತನ್ನ ಹೆಸರನ್ನು ಕೆತ್ತಿ ತೆಗೆದ.

ಈಗ ಹಿಜಾಮ್ ಉಂಗುರ ರಿಪೇರಿಗೆ ತಂದವನ ಹೆಸರಷ್ಟೇ ಹೇಳುತ್ತಾರೆ, ಸತ್ತವನು ಅವನೇ ಎನ್ನುವುದಿಲ್ಲ. "ಇದನ್ನ ಮಾರಿದ್ನಾ, ಅದನ್ನ ಮೊದಲು ಮನೇಲಿ ಕೇಳು," ಎಂದು ದರ್ಹಮ್‌ಗೆ ಪ್ರತಿ ಸಲವೂ ಎಚ್ಚರಿಸುತ್ತಾರೆ.

ಇನ್ನು ನಿಮಗೇನು ಬೇಕು ಎಂದು ಯಾರಾದರೂ ಕೇಳಿದರೆ ಕೆಮ್ಮು ನಿಲ್ಲುವವರೆಗೆ ಕಾಯಿಸುತ್ತಾರೆ.

"ನಾನು ತಪ್ಪು ಹೆಸರು ಹೇಳಿ ಮಣ್ಣು ಮಾಡಿಸ್ದೋನ ಮನೆಯೋರು ಇನ್ನೂ ದಾರಿ ಕಾಯ್ತಿರ್ತಾರೆ. ಒಬ್ರಾದ್ರೂ ಇಲ್ಲಿಗೆ ಬಂದು ನನ್ನ ಮುಖಕ್ಕೆ ಉಗೀಲಿ. ಉಗಿಯೋಕಾದ್ರೂ ಬರ್ಲಿ."