ಸರಿಯದ ನೆರಳು

ಆ ಬೀದಿಯಲ್ಲಿ ಅವಳ ಹೆಸರು ಕೇಳಿದರೆ ಯಾರೂ ಹೇಳಲಾರರು. ಫೋಟೋ ಅಕ್ಕ ಎಂದರೆ ಮಾತ್ರ ಮೂಲೆಯ ಹೊಲಿಗೆಯವನಿಂದ ಹಿಡಿದು ಎಲ್ಲರೂ ಅವಳ ತಮ್ಮನ ಅಂಗಡಿಯತ್ತ ಕೈ ತೋರಿಸುತ್ತಾರೆ. ಮದುವೆ ಬೇಡವೆಂದು ಉಳಿದವಳು. ಪ್ರಾಯವನ್ನೆಲ್ಲ ಒಂದು ಸ್ಟುಡಿಯೋದ ಕಪ್ಪು ಪರದೆಯ ಹಿಂದೆ ಕಳೆದವಳು. ಪಾಸ್‌ಪೋರ್ಟ್ ಫೋಟೋಗೆ ಬಂದು ಕೂತವರ ಗಲ್ಲವನ್ನು ಬೆರಳಿನಿಂದ ಎತ್ತಿ, ದೀಪವನ್ನು ಒಂದಿಷ್ಟು ಆಚೆ, ಒಂದಿಷ್ಟು ಈಚೆ ಸರಿಸಿ, ಮೂಗಿನ ನೆರಳು ತುಟಿಯ ಮೇಲೆ ಬೀಳದಂತೆ ನೋಡಿಕೊಳ್ಳುವುದೇ ಅವಳ ಕೆಲಸವಾಗಿತ್ತು. ಎಲ್ಲರ ಕೈಗೂ ಫೋನು ಬಂದ ಮೇಲೆ ಸ್ಟುಡಿಯೋ ಬಾಗಿಲು ಹಾಕಿತು. ಆಗ ತಮ್ಮ ಕರೆದ.

"ಮನುಷ್ಯರ ಮುಖ ತೆಗೆದಿದ್ದು ಸಾಕು ಅಕ್ಕಾ, ನನ್ನ ಹವಳಗಳ ಮುಖ ತೆಗಿ ಬಾ. ಅವು ಕಣ್ಣೂ ಮಿಟುಕಿಸೋದಿಲ್ಲ, ಚೆನ್ನಾಗಿ ಬಂದಿಲ್ಲ ಅಂತ ಜಗಳಕ್ಕೂ ಬರೋದಿಲ್ಲ."

ತಮ್ಮನದು ಜೀವಂತ ಹವಳದ ವ್ಯಾಪಾರ. ಮನೆಯ ಕೆಳಗೆ, ಹಿಂದೆ ಗಾಡಿ ನಿಲ್ಲಿಸುತ್ತಿದ್ದ ಉದ್ದನೆಯ ಕೋಣೆಯಲ್ಲಿ ಸಾಲಾಗಿ ಗಾಜಿನ ತೊಟ್ಟಿಗಳು, ಅವುಗಳ ತುಂಬ ಉಪ್ಪುನೀರು, ಎಡೆಬಿಡದೆ ಗುಂಯ್ ಎನ್ನುವ ಪಂಪುಗಳು. ಹವಳ ಬೆಳೆದ ಹಾಗೆ ಅದನ್ನು ಕತ್ತರಿಸಿ, ತುಂಡುಗಳನ್ನು ಪುಟ್ಟ ಕಲ್ಲುಬಿಲ್ಲೆಗಳಿಗೆ ಅಂಟಿಸಿ, ಫೋಟೋ ತೆಗೆದು ಫೋನಿನಲ್ಲಿ ಹಾಕುತ್ತಿದ್ದ. ಮನೆಯಲ್ಲಿ ತೊಟ್ಟಿ ಇಟ್ಟುಕೊಂಡವರು ಎಲ್ಲೆಲ್ಲಿಂದಲೋ ಕೊಳ್ಳುತ್ತಿದ್ದರು.

ಬೆಳಕಿನ ಲೆಕ್ಕಾಚಾರ ಅಲ್ಲಿ ಬೇರೆಯೇ. ಬಿಳಿ ದೀಪದ ಕೆಳಗೆ ಹವಳದ ತುಂಡು ಮಾಸಲು ಕಂದು, ನೀರಲ್ಲಿ ನೆನೆದ ಇಟ್ಟಿಗೆ ಚೂರಿನ ಹಾಗೆ. ನೀಲಿ ದೀಪ ಹಾಕಿದರೆ ಅದೇ ತುಂಡು ಹಸಿರಾಗಿ, ಕಿತ್ತಳೆಯಾಗಿ, ಊದಿದ ಕೆಂಡದಂತೆ ಒಳಗಿನಿಂದಲೇ ಹೊಳೆಯುತ್ತದೆ. ಕ್ಯಾಮೆರಾ ಮಾತ್ರ ಮೊಂಡು. ಅದು ನೀಲಿಯೊಂದನ್ನೇ ನುಂಗಿ ಶಾಯಿ ಚೆಲ್ಲಿದಂಥ ಚಿತ್ರ ಕೊಡುತ್ತದೆ. ಅದಕ್ಕೇ ಅದರ ಕಣ್ಣಿಗೆ ಒಂದು ಹಳದಿ ಗಾಜು ಕಟ್ಟಬೇಕು. ಪಂಪು ನಿಲ್ಲಿಸಿ ನೀರು ಅಲುಗದೆ ನಿಲ್ಲುವವರೆಗೆ ಕಾಯಬೇಕು. ತೊಟ್ಟಿಯ ಗಾಜಿಗೆ ನೇರವಾಗಿ ನಿಂತು ತೆಗೆಯಬೇಕು, ಓರೆಯಾದರೆ ಅಂಚು ಕಲಸಿಹೋಗುತ್ತದೆ. ಕಿಟಕಿಗೆ ಕಪ್ಪು ಬಟ್ಟೆ ಹೊದಿಸದಿದ್ದರೆ ತೆಗೆಯುವವಳ ಮುಖವೇ ಗಾಜಿನಲ್ಲಿ ಬಂದು ಕೂರುತ್ತದೆ. ಇದನ್ನೆಲ್ಲ ಅವಳು ತಾನಾಗಿಯೇ ಕೆಡಿಸಿ ಕೆಡಿಸಿ ಕಲಿತಳು.

ಒಂದು ವಿಷಯದಲ್ಲಿ ಮಾತ್ರ ಅಕ್ಕ ತಮ್ಮನಿಗೆ ಸರಿಹೋಗುತ್ತಿರಲಿಲ್ಲ.

"ಒಂದು ನೀಲೀಲಿ ತೆಗೀತೀನಿ, ಒಂದು ಬಿಳೀಲಿ ತೆಗೀತೀನಿ. ಎರಡನ್ನೂ ಹಾಕೋ. ಕೊಂಡವರು ಮನೇಲಿ ನೋಡಿ ಬೈಕೋಬಾರದು."

"ಪಾಸ್‌ಪೋರ್ಟ್ ಫೋಟೋಗೆ ಯಾರಾದ್ರೂ ಮುಖ ತೊಳೀದೆ ಬರ್ತಿದ್ರಾ ಅಕ್ಕಾ?"

"ಮುಖ ತೊಳೆದು ಬರ್ತಿದ್ರು ಕಣೋ. ಬೇರೆಯವರ ಮುಖ ಹಾಕ್ಕೊಂಡು ಬರ್ತಿರಲಿಲ್ಲ."

ತಮ್ಮ ನಕ್ಕು ಬಿಳಿ ದೀಪದ ತಂತಿಯನ್ನು ಸುತ್ತಿ, ಕೈತೊಳೆಯುವ ಜಾಗದ ಮೇಲಿನ ಮೊಳೆಗೆ ನೇತುಹಾಕಿದ. ಅದು ಅಲ್ಲೇ ಧೂಳು ಹಿಡಿಯಿತು. ಕೋಣೆ ಹಗಲೂ ನೀಲಿ, ಸಂಜೆಯೂ ನೀಲಿ. ಒಮ್ಮೆ ಚೆಂದಕ್ಕೆ ಹೊಳೆಯುತ್ತಿದ್ದ ಒಂದು ಹವಳವನ್ನು ಬಾಗಿಲ ಬೆಳಕಿಗೆ ತಂದಾಗ ಅದರ ಬುಡ ಸುಣ್ಣದ ಹಾಗೆ ಬೆಳ್ಳಗೆ ಸತ್ತಿತ್ತು. ತಮ್ಮ ಅದನ್ನು ಸುಮ್ಮನೆ ಕಸಕ್ಕೆ ಹಾಕಿದ. ಅವಳು ಮಾತ್ರ ಆ ಬಿಳಿ ಬುಡವನ್ನು ಮರೆಯಲಿಲ್ಲ.

ಆ ಅಂಗಡಿಗೆ ಇನ್ನೊಂದು ಗುರುತಿತ್ತು. ಬೇರೆ ಅಂಗಡಿಯವರು ಹವಳದ ಪಕ್ಕ ಅಳತೆಪಟ್ಟಿ ಇಟ್ಟು ಫೋಟೋ ತೆಗೆದರೆ, ಇಲ್ಲಿ ತಮ್ಮನ ಹೆಬ್ಬೆರಳೇ ಅಳತೆ. ಅವನು ಕೈಯನ್ನು ನೀರಿಗಿಳಿಸಿ ತುಂಡಿನ ಪಕ್ಕ ಹೆಬ್ಬೆರಳು ನಿಲ್ಲಿಸುತ್ತಿದ್ದ, ಅಕ್ಕ ಒತ್ತುತ್ತಿದ್ದಳು. ಗಿರಾಕಿಗಳು ಫೋನು ಮಾಡಿ, "ಹೆಬ್ಬೆರಳಣ್ಣ ಇದಾರಾ? ಉಗುರಿನಷ್ಟು ಬೇಡ, ಗೆಣ್ಣಿನಷ್ಟು ದೊಡ್ಡದು ಕೊಡಿ" ಎನ್ನುತ್ತಿದ್ದರು.

ಮೇಲಿನ ಮನೆಯಲ್ಲಿ ಇದ್ದದ್ದು ಮೂವರೇ. ತಮ್ಮನ ಹೆಂಡತಿ ಅಡುಗೆಯ ಜೊತೆಗೆ ಇವರಿಬ್ಬರ ಜಗಳವನ್ನೂ ನೋಡಿಕೊಳ್ಳುತ್ತಿದ್ದಳು. ಅವಳ ತಾಯಿ ಜಾರಿ ಬಿದ್ದು ಸೊಂಟ ಮುರಿದುಕೊಂಡ ಸುದ್ದಿ ಬಂದು ಅವಳು ತವರಿಗೆ ಹೊರಟಳು. ಹೊಸಿಲು ದಾಟುವಾಗ ತಿರುಗಿ ನಿಂತು, "ಅತ್ತಿಗೆ, ಇವರನ್ನ ಒಂದು ಕಣ್ಣಿಟ್ಟು ನೋಡ್ಕೊಳ್ಳಿ. ಹವಳಕ್ಕೆ ನೆಗಡಿಯಾದ್ರೆ ಊರೆಲ್ಲ ಎಬ್ಬಿಸ್ತಾರೆ, ತಮಗೆ ಜ್ವರ ಬಂದ್ರೆ ಬಾಯಿ ಬಿಡಲ್ಲ" ಎಂದಳು.

"ಹೋಗಿ ಬಾಮ್ಮ. ಕಣ್ಣಿಡೋದೇ ನನ್ನ ಕೆಲಸ ಅಲ್ವಾ" ಎಂದಳು ಅಕ್ಕ.

ಅದೇ ವಾರ ನೀರು ತಂಪಾಗಿಡುವ ಯಂತ್ರ ಕೈಕೊಡತೊಡಗಿತು. ತಮ್ಮ ಚಾಪೆ ತಂದು ಕೆಳಗಿನ ಕೋಣೆಯಲ್ಲೇ ಮಲಗಲು ಶುರುಮಾಡಿದ. ಊಟಕ್ಕೂ ಮೇಲೆ ಬರಲಿಲ್ಲ. ಅವಳೇ ತಟ್ಟೆ ಹಿಡಿದು ಮೆಟ್ಟಿಲಿಳಿಯುತ್ತಿದ್ದಳು. ಬಾಗಿಲು ತೆರೆದರೆ ನೀಲಿ ಬೆಳಕು ಕಾಲ ಮೇಲೆ ಬಿದ್ದು ಕಾಲೂ ತನ್ನದಲ್ಲ ಎನಿಸುತ್ತಿತ್ತು. ತಟ್ಟೆಯ ಅನ್ನವೂ ನೀಲಿ, ಅದನ್ನು ಕಲಸುವ ತಮ್ಮನ ಕೈಯೂ ನೀಲಿ.

ಹೊಸ ತುಂಡುಗಳ ಫೋಟೋ ತೆಗೆಯಲು ಕೂತಾಗ ಅವನ ಹೆಬ್ಬೆರಳಿನ ಉಗುರ ಬುಡದಲ್ಲಿ ಒಂದು ನೆರಳು ಕಂಡಿತು.

"ಬೆರಳು ಸ್ವಲ್ಪ ತಿರುಗಿಸೋ. ನೆರಳು ಬೀಳ್ತಿದೆ."

"ಹವಳ ಕತ್ತರಿಸೋವಾಗ ಚೂರು ತಾಗ್ತು ಅಕ್ಕಾ. ತರಚಿದೆ ಅಷ್ಟೇ."

"ಕೈಗವಸು ಹಾಕ್ಕೋ ಅಂತ ನಿನ್ನ ಹೆಂಡತಿ ತಂದುಕೊಟ್ಟಿದ್ಲಲ್ಲ."

"ರಬ್ಬರ್ ಬೆರಳು ನೋಡಿ ಯಾರು ಕೊಳ್ತಾರೆ?"

ನೆರಳು ಕಂಡರೆ ದೀಪ ಸರಿಸುವುದು ಅವಳ ಕೈಗೆ ಅಂಟಿದ ಅಭ್ಯಾಸ. ನೀಲಿ ದೀಪವನ್ನು ಒಂದಿಷ್ಟು ಎಡಕ್ಕೆಳೆದಳು, ಒತ್ತಿದಳು, ಕೆಲಸ ಮುಗಿಸಿದಳು.

ಮತ್ತೆ ಕೂತಾಗ ನೆರಳು ಗೆಣ್ಣಿನವರೆಗೆ ಬಂದಿತ್ತು. ದೀಪದ ಕಂಬಿ ಬಾಗಿರಬೇಕು ಎಂದುಕೊಂಡು ಅದನ್ನು ಬಿಗಿಮಾಡಿದಳು. ಎದುರಿಗೆ ಬಿಳಿ ಕಾಗದ ಹಿಡಿದು ಬೆಳಕು ಹಿಂದಕ್ಕೆ ಮರಳುವಂತೆ ಮಾಡಿದಳು. ಚಿತ್ರ ಚೆನ್ನಾಗಿಯೇ ಬಂತು. ಹವಳ ಹಸಿರು ದೀಪದಂತೆ ಉರಿಯುತ್ತಿತ್ತು. ಅದರ ಪಕ್ಕ ಹೆಬ್ಬೆರಳು ಕಪ್ಪಗೆ ನಿಂತಿತ್ತು. ಅದನ್ನೇ ತಮ್ಮ ಎಲ್ಲರಿಗೂ ಕಳಿಸಿದ.

ಮರುದಿನ ಅವನು ಹೊದಿಕೆ ಸುತ್ತಿಕೊಂಡು ಕೂತಿದ್ದ.

"ಏನೋ, ಚಳಿನಾ?"

"ನೀರು ತಂಪಾಗಿದೆಯಲ್ಲ ಅಕ್ಕಾ, ಯಂತ್ರ ಸರಿಹೋಯ್ತು ಅಂತ ಅರ್ಥ" ಎಂದು ನಗಲು ನೋಡಿದ. ನಗು ಅರ್ಧಕ್ಕೇ ನಿಂತಿತು. ಹವಳ ಎತ್ತುವ ಚಿಮಟ ಅವನ ಕೈಯಿಂದ ಜಾರಿ ತೊಟ್ಟಿಯ ತಳಕ್ಕೆ ಬಿತ್ತು. ಅವನು ಅದನ್ನು ಎಡಗೈಯಿಂದ ತೆಗೆದ. ಅವನು ಎಡಚನಲ್ಲ.

"ಈ ಸಾಲಿನದು ಸಂಜೆಯೊಳಗೆ ಹಾಕಬೇಕು. ಕೇಳಿದವರು ಕಾಯ್ತಿದಾರೆ. ಬೇಗ ತೆಗಿ" ಎಂದು ಬಲಗೈಯನ್ನು ನೀರಿಗಿಳಿಸಿದ.

ಅವಳು ಪಂಪು ನಿಲ್ಲಿಸಿದಳು. ಗುಂಯ್ ಎನ್ನುವ ಸದ್ದು ನಿಂತು, ತಮ್ಮನ ಉಸಿರು ಕೇಳಿಸಿತು. ಓಡಿ ಬಂದವನ ಉಸಿರಿನ ಹಾಗಿತ್ತು. ಹಳದಿ ಗಾಜಿನೊಳಗಿಂದ ನೋಡಿದರೆ ನೆರಳು ಹೆಬ್ಬೆರಳನ್ನು ದಾಟಿ ಮಣಿಕಟ್ಟಿನ ಮೇಲೆ ಒಂದು ಗೆರೆಯಾಗಿ ಹರಿದಿತ್ತು. ದೀಪವನ್ನು ಎಡಕ್ಕೆ ಸರಿಸಿದಳು. ಹವಳದ ನೆರಳು ಬಲಕ್ಕೆ ಹೋಯಿತು. ಬಲಕ್ಕೆ ಸರಿಸಿದಳು. ಹವಳದ ನೆರಳು ಎಡಕ್ಕೆ ಬಂತು. ಕೈಯ ಮೇಲಿನ ನೆರಳು ಇದ್ದಲ್ಲೇ ಇತ್ತು.

ಪ್ರಾಯವಿಡೀ ನೆರಳು ಓಡಿಸಿದವಳು ಅವಳು. ದೀಪ ಸರಿದರೂ ಸರಿಯದ ನೆರಳನ್ನು ಕಂಡವಳಲ್ಲ.

ಕ್ಯಾಮೆರಾ ಕೆಳಗಿಟ್ಟು, ಮೊಳೆಯ ಮೇಲಿನ ಬಿಳಿ ದೀಪವನ್ನು ತೆಗೆದಳು. ಗಂಟುಬಿದ್ದ ತಂತಿ ಬೇಗ ಬಿಡಿಸಿಕೊಳ್ಳಲಿಲ್ಲ.

"ಏನ್ ಮಾಡ್ತಿದ್ದೀಯ ಅಕ್ಕಾ? ಬಿಳಿ ಹಾಕಬೇಡ, ಹವಳ ಮುದುಡ್ಕೊಳ್ಳುತ್ತೆ."

"ಮುದುಡ್ಕೊಳ್ಳಲಿ. ಕೈ ಹೊರಗೆ ತೆಗಿ."

"ಸಂಜೆಯೊಳಗೆ..."

"ತೆಗಿ ಅಂದ್ನಲ್ಲ."

ಚಿಕ್ಕವನಿದ್ದಾಗ ಕದ್ದು ತಿಂದವನನ್ನು ಹಿಡಿದ ದನಿ ಅದು. ಅವನು ಕೈ ತೆಗೆದ. ಅವಳು ದೀಪ ಹಾಕಿದಳು.

ಹವಳಗಳೆಲ್ಲ ಒಮ್ಮೆಲೇ ಕಂದು ಕಲ್ಲಾದವು. ಗೋಡೆಯ ಮೇಲಿನ ಉಪ್ಪಿನ ಕಲೆ, ಒದ್ದೆ ಚಾಪೆ, ಊಟ ಮಾಡದೆ ಬಿಟ್ಟ ತಟ್ಟೆ ಎಲ್ಲವೂ ಕಂಡವು. ಹೆಬ್ಬೆರಳು ಊದಿ, ತುದಿ ನೇರಳೆಯ ಹಣ್ಣಿನಂತಾಗಿತ್ತು. ಅಲ್ಲಿಂದ ಕಡುಕೆಂಪು ಗೆರೆಯೊಂದು ಮಣಿಕಟ್ಟು ಹತ್ತಿ, ಮೊಳಕೈಯತ್ತ ಹೋಗುತ್ತಿತ್ತು. ತಮ್ಮ ಅದನ್ನು ತಾನೂ ಆಗಲೇ ಮೊದಲು ನೋಡಿದವನಂತೆ ನೋಡಿದ. ಅವನ ಕಣ್ಣು ಕೆಂಪಾಗಿತ್ತು, ತುಟಿ ಒಡೆದಿತ್ತು.

"ಇಷ್ಟಿದೆ ಅಂತ ನಂಗೊತ್ತಾಗ್ಲಿಲ್ಲ" ಎಂದ.

ಆ ಗೆರೆ ಅವಳ ಕಣ್ಣೆದುರೇ ಬೆಳೆದಿತ್ತು. ಅದನ್ನು ಅಳಿಸಲು ಅವಳು ದೀಪ ಸರಿಸಿದ್ದಳು, ಕಾಗದ ಹಿಡಿದಿದ್ದಳು.

ಬಾಡಿಗೆ ಕಾರು ಹಿಡಿದು ಆಸ್ಪತ್ರೆಗೆ ಹೋದರು. ದಾರಿಯುದ್ದಕ್ಕೂ ಅವನು, "ಪಂಪು ಹಾಕಿದ್ಯಾ ಅಕ್ಕಾ?" ಎಂದು ಮತ್ತೆ ಮತ್ತೆ ಕೇಳಿದ. ಅವಳು ಹಾಕಿರಲಿಲ್ಲ. ಹಾಕಿದ್ದೀನಿ ಎಂದಳು.

ವೈದ್ಯೆ ಕೈಯನ್ನು ಮುಟ್ಟಿ ನೋಡಿ, ಗಾಯಕ್ಕೆ ತೊಟ್ಟಿಯ ನೀರು ತಾಗಿತ್ತೇ ಎಂದು ಕೇಳಿ, ಕೂಡಲೇ ರಕ್ತನಾಳಕ್ಕೆ ಔಷಧಿ ಹಾಕಿಸಿದಳು. ಬಳಿಕ ಜೇಬಿನಿಂದ ಪೆನ್ನು ತೆಗೆದು ಕೆಂಪು ಮುಗಿಯುವ ಕಡೆ ಚರ್ಮದ ಮೇಲೆ ಅಡ್ಡಗೆರೆ ಎಳೆದಳು.

"ಇದನ್ನ ನೋಡ್ತಾ ಇರಿ. ಕೆಂಪು ಈ ಗೆರೆ ದಾಟಿದ್ರೆ ತಕ್ಷಣ ಕರೀರಿ. ದಾಟಿದ್ರೆ ಕೈ ಉಳಿಸೋದು ಕಷ್ಟ ಆಗುತ್ತೆ, ಆಮೇಲೆ ಕೈ ಒಂದೇ ಅಲ್ಲ."

ತಮ್ಮ ಜ್ವರದಲ್ಲಿ ಕಣ್ಣು ಮುಚ್ಚಿದ. ಅವಳು ಕುರ್ಚಿಯನ್ನು ಮಂಚದ ಪಕ್ಕಕ್ಕೆ ಎಳೆದು ಕೂತಳು. ದಾದಿ ಬಂದು, "ಅವರು ಮಲಗ್ಲಿ, ದೀಪ ಆರಿಸ್ಲಾ?" ಎಂದಾಗ ಬೇಡ ಎಂದಳು. ಟ್ಯೂಬ್‌ಲೈಟಿನ ಆ ಒಣ ಬೆಳಕನ್ನು ಸ್ಟುಡಿಯೋದಲ್ಲಿ ಅವಳು ಎಂದೂ ಇಷ್ಟಪಟ್ಟವಳಲ್ಲ. ಮುಖವನ್ನು ಹೆಣದಂತೆ ತೋರಿಸುತ್ತದೆ ಎನ್ನುತ್ತಿದ್ದಳು. ಈಗ ಅದರ ಕೆಳಗೆ ರೆಪ್ಪೆ ಹೊಡೆಯಲೂ ಹೆದರಿ ಕೂತಳು. ಪೆನ್ನಿನ ಗೆರೆಗೆ ಕೆಂಪು ಅಂಟಿಕೊಂಡೇ ಇತ್ತು. ಒಂದು ಕಡೆ ಅದು ದಾಟಿತೇ, ತನ್ನ ಕಣ್ಣೇ ದಾಟಿಸಿತೇ ಎಂದು ತಿಳಿಯದೆ ದಾದಿಯನ್ನು ಕರೆದಳು. ದಾದಿ ಬಗ್ಗಿ ನೋಡಿ, "ಗೆರೆ ಮೇಲೇ ಇದೆ, ದಾಟಿಲ್ಲ" ಎಂದಳು. ಮರುದಿನ ಸಂಜೆ ಕಿಟಕಿ ಮಬ್ಬಾಗುವ ಹೊತ್ತಿಗೆ ಗೆರೆಗೂ ಕೆಂಪಿಗೂ ನಡುವೆ ಒಂದು ದಾರದಷ್ಟು ಬರಿಯ ಚರ್ಮ ಕಂಡಿತು.

ಕೈ ಉಳಿಯಿತು. ಹೆಬ್ಬೆರಳನ್ನು ಮಾತ್ರ ಗೆಣ್ಣಿನಿಂದ ಮೇಲಕ್ಕೆ ಕತ್ತರಿಸಿ ತೆಗೆಯಬೇಕಾಯಿತು. ಪಂಪು ನಿಂತ ಆ ತೊಟ್ಟಿಯ ಹವಳಗಳೂ ಉಳಿಯಲಿಲ್ಲ. ತವರಿನಿಂದ ಓಡಿ ಬಂದ ಹೆಂಡತಿ ಅತ್ತಿಗೆಯನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು ಎಂದು ಇವಳಿಗೆ ಅನಿಸಿತು.

ಈಗ ಅಲ್ಲಿ ಪ್ರತಿ ತುಂಡಿಗೂ ಎರಡು ಫೋಟೋ, ಮೊದಲು ಬಿಳಿ, ಆಮೇಲೆ ನೀಲಿ. ಅಳತೆಗೆ ಅಕ್ಕನದೇ ಹೆಬ್ಬೆರಳು, ಅದೂ ಗಾಜಿನ ಹೊರಗೆ. "ಹೆಬ್ಬೆರಳಣ್ಣ ಸಣ್ಣಗಾಗಿದಾರಲ್ಲ?" ಎಂದು ಯಾರೋ ಫೋನಿನಲ್ಲಿ ನಕ್ಕರು. ತಮ್ಮ, "ಹೌದು, ಸ್ವಲ್ಪ ಸಣ್ಣಗಾಗಿದಾರೆ" ಎಂದು ಫೋನಿಟ್ಟ.

ನೀಲಿ ದೀಪ ಹಾಕಿದಾಗಲೆಲ್ಲ ಅವಳ ಉಗುರ ಬುಡದಲ್ಲೂ ಒಂದು ನೆರಳು ಬೀಳುತ್ತದೆ. ಆಗ ಅವಳು ಕ್ಯಾಮೆರಾ ಬಿಟ್ಟು ಮೊದಲು ದೀಪವನ್ನು ಎಡಕ್ಕೆ ಸರಿಸುತ್ತಾಳೆ. ಉಸಿರು ಬಿಗಿಹಿಡಿದು ನೋಡುತ್ತಾಳೆ. ನೆರಳು ಬಲಕ್ಕೆ ಹೋಗುತ್ತದೆ. ಆಮೇಲೆ ತಮ್ಮನನ್ನು ಕರೆದು, "ನಿನ್ನ ಕೈ ತೋರಿಸು" ಎಂದು ಅವನ ಕೈಯನ್ನೂ ದೀಪದ ಕೆಳಗೆ ಹಿಡಿಸುತ್ತಾಳೆ. ಅವನೂ ಜೋಕು ಮಾಡದೆ ಹಿಡಿಯುತ್ತಾನೆ.