ಅಬ್ಬಾ ತಿದ್ದದೆ ಬಿಟ್ಟ ತಪ್ಪುಗಳು

ನಮ್ಮ ಮನೆಯ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಮಾತು ಬರೆಯಬೇಕೆಂದರೆ ಗುಂಡಿಗೆ ಗಟ್ಟಿ ಇರಬೇಕಿತ್ತು. ನಮ್ಮ ತಂದೆ, ಅಬ್ಬಾ, ಯಲಬುರ್ಗಾದ ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರಾಗಿ ನಿವೃತ್ತರಾದವರು. ಶಾಲೆ ಬಿಟ್ಟರೂ ಕೆಂಪು ಪೆನ್ನು ಬಿಡಲಿಲ್ಲ. ಹಬ್ಬದ ಶುಭಾಶಯವಿರಲಿ, ಕೂಸಿಗೆ ಜ್ವರ ಬಂದ ಸುದ್ದಿಯಿರಲಿ, ಕೆಳಗೊಂದು ನಕ್ಷತ್ರದ ಗುರುತು ಹಾಕಿ ಸರಿಯಾದ ಪದ ಬರೆದು ಕಳಿಸುವರು. ಜ್ವರ ಎಷ್ಟಿದೆ ಎಂದು ಕೇಳುವುದು ಆಮೇಲೆ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಗಂಗಾವತಿಯಲ್ಲಿ ನನ್ನದು ಹೆಣ್ಣುಮಕ್ಕಳ ಬಟ್ಟೆ ಹೊಲಿಯುವ ಅಂಗಡಿ. ಗಿರಾಕಿ ಎದುರಿಗೆ ನಿಂತು ಜೀವ ತಿನ್ನುತ್ತಿರುವಾಗ ದೀರ್ಘ ಯಾವುದು, ಮಹಾಪ್ರಾಣ ಯಾವುದು ಅಂತ ಯಾರು ನೋಡುತ್ತ ಕೂರುತ್ತಾರೆ?

ಆದರೆ ಅಬ್ಬಾನ ಕೈಗೆ ದಿನಾ ಸಿಕ್ಕಿಬೀಳುತ್ತಿದ್ದವಳು ಅಮ್ಮಿ. ಅವಳು ಕನ್ನಡ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ನಾವು ಚಿಕ್ಕವರಿದ್ದಾಗ ನಮ್ಮ ಪುಸ್ತಕಗಳನ್ನೇ ತಿರುವಿ ಅಕ್ಷರ ಕಲಿತಳು. ಮನೆಯಲ್ಲಿ ಅಬ್ಬಾ ನಮ್ಮೊಂದಿಗೆ ಕನ್ನಡ, ಅಮ್ಮಿ ನಮ್ಮೊಂದಿಗೆ ಉರ್ದು. ಅವಳ ಉರ್ದುವಿನಲ್ಲಿ ಎಲ್ಲವೂ ಗಂಡು, ಇಲ್ಲವೆ ಹೆಣ್ಣು. ‘ಅದು’ ಎನ್ನುವುದೇ ಇಲ್ಲ. ಹಾಗಾಗಿ ಅವಳು ಗ್ರೂಪಿನಲ್ಲಿ ಹೀಗೆ ಬರೆಯುವಳು: ‘ಹಾಲು ಬಂದನು. ರೊಟ್ಟಿ ಆದಳು. ಕರೆಂಟ್ ಹೋದನು.’

ಅಬ್ಬಾ ಪಡಸಾಲೆಯಲ್ಲೇ ಕೂತಿರುತ್ತಿದ್ದರು. ಒಂದು ಕೂಗು ಹಾಕಿದರೆ ಅಡುಗೆಮನೆಗೆ ಕೇಳಿಸುವಷ್ಟು ಸಣ್ಣ ಮನೆ. ಆದರೂ ಫೋನಿನಲ್ಲೇ ತಿದ್ದುವರು: ‘ಹಾಲು ಬಂತು.’ ಅಮ್ಮಿ ಕೈಗಂಟಿದ ಹಿಟ್ಟು ಒರೆಸಿಕೊಂಡು ಉತ್ತರ ಬರೆಯುವಳು: ‘ಜೀ ಮಾಸ್ತರ್.’ ಮರುದಿನ ಮತ್ತೆ ಹಾಲು ಬಂದನು. ಮತ್ತೆ ನಕ್ಷತ್ರ. ಮತ್ತೆ ಜೀ ಮಾಸ್ತರ್. ನಾನೂ ನನ್ನ ತಮ್ಮನೂ ಇದನ್ನು ನೋಡಿ ಹಣೆ ಚಚ್ಚಿಕೊಳ್ಳುತ್ತಿದ್ದೆವು. ಇದು ಮುದುಕ ಮುದುಕಿಯ ಸರಸ ಎಂದು ಮೊದಲು ಕಂಡುಹಿಡಿದವಳು ತಮ್ಮನ ಹೆಂಡತಿ.

ಕಳೆದ ಚಳಿಗಾಲದಲ್ಲಿ ಅಮ್ಮಿ ಹೋದಳು. ಎದೆ ಹಿಡಿದಂತಾಗಿದೆ ಎಂದಳಂತೆ. ಕೊಪ್ಪಳದ ಆಸ್ಪತ್ರೆಗೆ ಒಯ್ಯುವ ದಾರಿಯಲ್ಲೇ ಮುಗಿಯಿತು. ಸುದ್ದಿ ತಿಳಿಸಲು ತಮ್ಮ ಫೋನ್ ಮಾಡಿದಾಗ ನಾನು ಆಸ್ಪತ್ರೆಗೆಂದು ಹೊರಟು ಬಸ್ಸಿನಲ್ಲಿದ್ದೆ, ಹಿಟ್ನಾಳ ಕ್ರಾಸಿನಲ್ಲಿ. ಕಿಟಕಿಯ ಹೊರಗೆ ಒಬ್ಬಳು ಪೇರಲ ಹಣ್ಣು ಮಾರುತ್ತಿದ್ದಳು. ನಾನು ಪೇರಲ ಕೊಂಡೆ. ಯಾಕೆ ಕೊಂಡೆನೋ ಇವತ್ತಿಗೂ ಗೊತ್ತಿಲ್ಲ. ಆ ಚೀಲ ಕೈಯಲ್ಲಿ ಹಿಡಿದುಕೊಂಡೇ ಮನೆಯೊಳಗೆ ಹೋದೆ.

ಕಣ್ಣಲ್ಲಿ ಒಂದು ಹನಿ ಬರಲಿಲ್ಲ. ಓಣಿಯ ಹೆಂಗಸರು ಬೆನ್ನು ಸವರಿದರು. “ಅತ್ತಬಿಡವಾ, ಎದಿ ಹಗುರ ಆಗ್ತೈತಿ,” ಅಂದರು. ಎಲ್ಲಿಂದ ಅಳಲಿ? ಒಳಗೆ ಏನೂ ಇರಲಿಲ್ಲ. ಮೂರನೆಯ ದಿನದ ಜಿಯಾರತ್ ಮುಗಿಸಿಕೊಂಡು ಗಂಗಾವತಿಗೆ ಬಂದು ಅಂಗಡಿ ತೆರೆದೆ. ಮದುವೆಯ ಕಾಲ, ಬ್ಲೌಸುಗಳು ಗುಡ್ಡೆ ಬಿದ್ದಿದ್ದವು. ಕೈ ತಾನಾಗಿ ಹೊಲಿಯುತ್ತಿತ್ತು. ಊಟದ ಹೊತ್ತಿಗೆ ಊಟ, ಮಲಗುವ ಹೊತ್ತಿಗೆ ನಿದ್ದೆ. ನನಗೆ ನನ್ನ ಮೇಲೆಯೇ ಅಸಹ್ಯವಾಗುತ್ತಿತ್ತು.

ಗ್ರೂಪಿನಲ್ಲಿ ನೆಂಟರೆಲ್ಲ ಸಂತಾಪ ಬರೆದರು. ಅಯ್ಯೋ, ಅದೇನು ಬರವಣಿಗೆ! ಶ್ರದ್ಧಾಂಜಲಿಯ ಕೈಕಾಲು ಮುರಿದಿದ್ದರು. ಒಬ್ಬರು ಗಡಿಬಿಡಿಯಲ್ಲಿ ‘ಶುಭ ಮುಂಜಾನೆ’ಯ ಚಿತ್ರವನ್ನೂ ಕಳಿಸಿದ್ದರು. ಸಂದೇಶದ ಮೇಲೆ ಸಂದೇಶ ಬಿತ್ತು. ನಕ್ಷತ್ರ ಮಾತ್ರ ಬರಲಿಲ್ಲ.

“ಆಪಾ, ಅಬ್ಬಾ ಎಲ್ಲಾ ಓದ್ಯಾರ. ಒಂದರ ತಿದ್ದಿಲ್ಲ ನೋಡು,” ಎಂದ ತಮ್ಮ, ಫೋನಿನಲ್ಲಿ. “ಮಾತೂ ಇಲ್ಲ. ಏನ್ ಕೇಳಿದ್ರೂ ಹ್ಞೂಂ ಅಂತಾರ. ಎರಡು ತುತ್ತು ತಿಂದು ಕೈ ತೊಳೀತಾರ. ಹಿಂಗ ಕುಂತ್ರ ಅವರೂ ಉಳಿಯಂಗಿಲ್ಲ, ಆಪಾ.”

ಡಾಕ್ಟರಿಗೆ ತೋರಿಸಿದೆವು. ದೇಹಕ್ಕೆ ಏನೂ ಆಗಿಲ್ಲ, ಹೇಗಾದರೂ ಮಾಡಿ ಮಾತಾಡಿಸಿರಿ ಎಂದರು. ಹೇಗಾದರೂ ಅಂದರೆ ಹೇಗೆ? ಅಬ್ಬಾನ ಬಾಯಿ ತೆರೆಸುವ ಉಪಾಯ ನಮಗೆ ಗೊತ್ತಿದ್ದುದು ಒಂದೇ. ಬೇಕಂತಲೇ ತಪ್ಪು ಬರೆಯತೊಡಗಿದೆವು.

ತಮ್ಮ ಪಂಪ್‌ಸೆಟ್ ರಿಪೇರಿ ಮಾಡುವವನು. ಅವನಿಗೆ ಇದಕ್ಕಾಗಿ ಕಷ್ಟಪಡಬೇಕಾಗಿಯೇ ಇರಲಿಲ್ಲ. ಆದರೂ ಪಾಪ, ಒತ್ತಕ್ಷರಗಳನ್ನೆಲ್ಲ ಹುಡುಕಿ ಹುಡುಕಿ ಕಿತ್ತು ಹಾಕಿದ. ನಾನು ಅಲ್ಪಪ್ರಾಣ ಇದ್ದಲ್ಲಿ ಮಹಾಪ್ರಾಣ ತುಂಬಿದೆ. ತಮ್ಮನ ಹೆಂಡತಿ ‘ನಾನು ಊಟ ಮಾಡಿದನು’ ಎಂದು ಬರೆದು ತಾನೇ ನಕ್ಕಳಂತೆ. ಊರಿಗೆ ಊರೇ ನಗುವಂಥ ಕನ್ನಡ. ಅಬ್ಬಾ ಓದಿದರು, ಫೋನ್ ಮಗುಚಿಟ್ಟರು.

ಕೊನೆಗೆ ಒಂದು ಬೆಳಿಗ್ಗೆ ನಾನು ಬರೆದೆ: ‘ಹಾಲು ಬಂದನು.’

ಅದಕ್ಕೂ ಏನೂ ಬರಲಿಲ್ಲ. ಆ ಶುಕ್ರವಾರ ಎಂದಿನಂತೆ ಯಲಬುರ್ಗಾಕ್ಕೆ ಹೋದೆ. ನಾನು ಶುಕ್ರವಾರ ಅಂಗಡಿ ಮುಚ್ಚುವವಳು. ಅಬ್ಬಾ ಪಡಸಾಲೆಯ ಕುರ್ಚಿಯಲ್ಲಿದ್ದರು. ನಾನು ಚಹಾ ತಂದು ಮುಂದಿಟ್ಟೆ. ಅವರು ಬಾಯಿಬಿಟ್ಟರು.

“ಬೇಕಂತ ಬರದ ತಪ್ಪು ನನಗ ತಿಳಿಯೂದಿಲ್ಲ ಅಂತ ಮಾಡೀರೇನು? ಜೀವಮಾನ ಪೂರಾ ಹುಡುಗರ ಪೇಪರ್ ತಿದ್ದೀನಿ.”

ನಾನು ಚಹಾದ ಲೋಟ ಅವರತ್ತ ಸರಿಸಿದೆ.

“ಉಳದದ್ದು ಇರ್ಲಿ. ಹಾಲಿಂದು ನಿನ್ನ ತಪ್ಪಲ್ಲ, ಬೇಟಾ. ಅದು ನಿಮ್ಮ ಅಮ್ಮೀದು. ಅದನ್ಯಾಕ ತಗೊಂಡಿ?”

ಅಷ್ಟೇ. ಚಹಾದ ಮೇಲೆ ಕೆನೆಗಟ್ಟಿತು, ಅವರು ಕುಡಿಯಲಿಲ್ಲ. ನಾನು ಲೋಟ ಎತ್ತಿಕೊಂಡು ಒಳಗೆ ಹೋದೆ. ಆವತ್ತಿನಿಂದ ಆ ಆಟ ಬಿಟ್ಟೆವು. ಗ್ರೂಪಿನಲ್ಲಿ ಯಾರೂ ಏನೂ ಬರೆಯದೆ ದಿನಗಳು ಹೋದವು. ಅಬ್ಬಾ ಇನ್ನಷ್ಟು ಸೊರಗಿದರು. ಅಂಗಿ ಮೈಮೇಲೆ ಜೋಲಾಡುತ್ತದೆ, ಹಿಡಿದು ಹೊಲಿದುಕೊಡು ಎಂದು ತಮ್ಮ ಅಂಗಿಗಳನ್ನೂ ಅಳತೆಯನ್ನೂ ಕಳಿಸಿದ. ಅವನ್ನೂ ಹಿಡಿದು ಹೊಲಿದೆ, ಬೇರೆಯವರ ಬಟ್ಟೆಗಳ ಜೊತೆಗೆ.

ಬೇಸಿಗೆ ಬಂತು. ಒಂದು ಗುರುವಾರ ಮಧ್ಯಾಹ್ನ ಮೋಟಾರು ಹಾಕಿದ ಹೊಲಿಗೆ ಯಂತ್ರದಲ್ಲಿ ಬ್ಲೌಸಿನ ಅಂಚಿಗೆ ಜರಿಯ ಗೋಟು ಕೂರಿಸುತ್ತಿದ್ದೆ. ಗಿರಾಕಿಯೊಬ್ಬಳು ಚೀರಿದಳು. ನೋಡುತ್ತೇನೆ, ಸೂಜಿ ನನ್ನ ಬಲಗೈ ತೋರುಬೆರಳಿನ ಉಗುರಿನ ಮೂಲಕ ಹಾದು ಕೆಳಗೆ ಬಂದಿದೆ. ಬಟ್ಟೆ ಕೆಂಪಾಗಿದೆ. ನನಗೆ ಏನೂ ಅನ್ನಿಸಲಿಲ್ಲ. ಅಯ್ಯೋ, ಪರರ ಬಟ್ಟೆ ಕೆಟ್ಟಿತಲ್ಲ ಎಂದುಕೊಂಡೆ.

ಓಣಿಯ ದವಾಖಾನೆಯಲ್ಲಿ, ಬೆರಳಲ್ಲೇ ಮುರಿದುಕೊಂಡಿದ್ದ ಸೂಜಿ ತೆಗೆದು ಪಟ್ಟಿ ಕಟ್ಟಿದರು. ನರ್ಸಮ್ಮ ಧನುರ್ವಾಯುವಿನ ಇಂಜೆಕ್ಷನ್ ಕೊಟ್ಟು, ಸ್ವಲ್ಪ ಹೊತ್ತು ಕೂರಲು ಹೇಳಿದಳು. ಶುಕ್ರವಾರ ಊರಿಗೆ ಹೋಗಲಾಗುವುದಿಲ್ಲ, ತಿಳಿಸಬೇಕು. ಎಡಗೈ ಹೆಬ್ಬೆರಳಲ್ಲಿ ಗ್ರೂಪಿಗೆ ಒತ್ತಿದೆ: ‘ಬೆರಲಿಗೆ ಸುಜಿ ಹೊಕಿದೆ ನಾಳೆ ಬರಕಾಗಲ.’ ಏನು ಒತ್ತಿದೆನೆಂದು ತಿರುಗಿ ನೋಡಲಿಲ್ಲ.

ಫೋನ್ ಗುಂಯ್ ಎಂದಿತು.

ನಕ್ಷತ್ರ. ಅದರ ಮುಂದೆ ನನ್ನ ಇಡೀ ವಾಕ್ಯ, ಒಂದು ಕೊಂಬು ದೀರ್ಘ ತಪ್ಪದೆ, ಕೊನೆಗೆ ಪೂರ್ಣವಿರಾಮ ಸಮೇತ. ಬೆರಳಿಗೆ ಏನಾಯಿತು ಎಂದು ಕೇಳಿರಲಿಲ್ಲ, ನನ್ನಪ್ಪ!

ತಮ್ಮನೂ ಅವನ ಹೆಂಡತಿಯೂ ನೋಡಿರಬೇಕು. ಯಾರೂ ಏನೂ ಬರೆಯಲಿಲ್ಲ. ನಾನು ಫೋನ್ ಹಿಡಿದು ಕಾಯುತ್ತಿದ್ದೆ. ನಕ್ಷತ್ರದ ಹಿಂದೆಯೇ ಉತ್ತರವೊಂದು ಬರುವುದು ಅಷ್ಟು ರೂಢಿಯಾಗಿತ್ತು. ಆಮೇಲೆ ನೆನಪಾಯಿತು. ಬರೆಯುವವಳು ಇಲ್ಲ. ಅಮ್ಮಿ ಇಲ್ಲ.

ಆಗ ಅಬ್ಬಾ ಟೈಪ್ ಮಾಡುತ್ತಿದ್ದಾರೆ ಎಂದು ಮೇಲೆ ತೋರಿಸಿತು. ನಿಂತಿತು. ಮತ್ತೆ ತೋರಿಸಿತು. ಬೆರಳಿನ ವಿಚಾರ ಈಗ ಕೇಳುತ್ತಾರೆ ಅಂದುಕೊಂಡೆ.

‘ಜೀ ಮಾಸ್ತರ್,’ ಎಂದು ಬರೆದಿದ್ದರು ಅಬ್ಬಾ.

ನಾನು ಬೆಂಚಿನ ಮೇಲೆ ಕೂತವಳು ದನಿ ತೆಗೆದು ಅತ್ತೆ. ನರ್ಸಮ್ಮ ಗಾಬರಿಯಾಗಿ ಓಡಿ ಬಂದಳು.

“ಯಾಕ್ರೀ ಅಕ್ಕಾರ? ಸೂಜಿ ಕಿತ್ತಾಗ ಸುಮ್ನಿದ್ರಿ, ಇಂಜೆಕ್ಷನ್ ಮಾಡಿದಾಗ ಸುಮ್ನಿದ್ರಿ. ಈಗೇನಾತ್ರಿ?”

“ನೋವಾಗಾಕತ್ತೇತವ್ವಾ,” ಎಂದೆ. “ಭಾಳ ನೋವಾಗಾಕತ್ತೇತಿ.”