ಸಿಬ್ರೆನ್ ಹಾರಿದ ಡಿಸ್ಕು

ನಮ್ಮ ಫ್ರೀಸ್‌ಲ್ಯಾಂಡಿನಲ್ಲಿ ಉದ್ದನೆಯ ಗಳು ಹಿಡಿದು ಕಾಲುವೆ ಹಾರುವವನಿಗೆ ಸಿಗುವ ಮರ್ಯಾದೆ ಪಾದ್ರಿಗೂ ಸಿಗುವುದಿಲ್ಲ. ಆಚೆ ದಡದ ಮರಳಿನ ಮೇಲೆ ಬೀಳಬೇಕು. ಬಿದ್ದವನ ಕೈ, ಕಾಲು, ಬೆನ್ನು ಮರಳಿನಲ್ಲಿ ಮೂಡಿಸಿದ ಗುರುತುಗಳಲ್ಲಿ ನೀರಿಗೆ ಅತಿ ಹತ್ತಿರದ್ದರವರೆಗೆ ಅಳತೆ. 1988ರಲ್ಲಿ ಸಿಬ್ರೆನ್ ಎಲ್ಲರಿಗಿಂತ ದೂರ ಹಾರಿದ. ಆದರೆ ತೀರ್ಪುಗಾರ ಡೌವೆ ಅವನ ಬೆನ್ನಹಿಂದಿನ ಒಂದು ಕುಳಿ ತೋರಿಸಿ, “ಕೈ ಊರಿದ್ದೀಯ” ಎಂದು ಅಲ್ಲಿಯವರೆಗೇ ಅಳೆದ. ಬಹುಮಾನ ಬೇರೆಯವನಿಗೆ ಹೋಯಿತು. ಸಿಬ್ರೆನ್ ಹದಿನೆಂಟು ವರ್ಷ “ಊರಿಲ್ಲ” ಎನ್ನುತ್ತಲೇ ಇದ್ದ, ಊರು ನಗುತ್ತಲೇ ಇತ್ತು. ನಾನೂ ನಕ್ಕಿದ್ದೇನೆ, ಅದಕ್ಕೆ ನನಗೆ ಇಂದಿಗೂ ನಾಚಿಕೆಯಿದೆ.

ನಗದಿದ್ದವಳು ಅವನ ಅಕ್ಕ ಫ್ರೌಕೆ, ನಮ್ಮ ಪಕ್ಕದ ಮನೆಯವಳು. ಮೂವತ್ತು ವರ್ಷ ಚೀಸ್ ಕಾರ್ಖಾನೆಯಲ್ಲಿ ದುಡಿದು, ನಿವೃತ್ತಿಯಾದ ಮೇಲೆ ಊರಿನವರ ಹಳೇ ವಿಡಿಯೋ ಟೇಪುಗಳನ್ನು ಡಿಸ್ಕಿಗೆ ಇಳಿಸಿಕೊಡುತ್ತಿದ್ದಳು. ಮಹಾ ಹಟಮಾರಿ.

ಕಾಲುವೆ ಹಾರುವವರ ಕ್ಲಬ್ಬಿಗೆ ಐವತ್ತು ತುಂಬಿದಾಗ ಡೌವೆಯೇ ಅಧ್ಯಕ್ಷ. ಸಮಾರಂಭದಲ್ಲಿ ತೋರಿಸಲೆಂದು, ಬೀರುವಿನಲ್ಲಿ ಯಾರೂ ಮುಟ್ಟದೆ ಬಿದ್ದಿದ್ದ ಹಳೇ ಪಂದ್ಯಗಳ ಆರು ಟೇಪು, 1988ರದ್ದೂ ಸೇರಿ, ತಂದುಕೊಟ್ಟ.

“ಆರು ಗಂಟೇದು, ಒಂದೇ ಡಿಸ್ಕಿಗೆ ತುಂಬ್ಸಮ್ಮ. ಸುಮ್ನೆ ಯಾಕೆ ಹಾಳು ಮಾಡ್ಬೇಕು?”

ನಮ್ಮವರ ಬುದ್ಧಿಯೇ ಅದು. ಕಾಫಿಗೆ ಒಂದು ಬಿಸ್ಕತ್ತು ಕೊಟ್ಟು ಡಬ್ಬಿ ಮುಚ್ಚುವ ಜನ. ಫ್ರೌಕೆಯೂ ನಮ್ಮವಳೇ, ತುಂಬಿಸಿದಳು. ಹಾಕಿ ನೋಡಿದರೆ ನೀರು, ಹುಲ್ಲು ಎಲ್ಲ ಚೌಕ ಚೌಕ. ಓಡುವವರು ಚಳಿಜ್ವರ ಬಂದವರ ಹಾಗೆ ನಡುಗುತ್ತಿದ್ದರು.

“ಅಯ್ಯೋ, ನನ್ ತಮ್ಮ ಗಂಜಿಗೆ ಹಾರ್ತಿದ್ದಾನಲ್ಲೋ!” ಎಂದು ನನ್ನನ್ನು ಕೂಗಿದಳು.

ಮೊದಲಿನಿಂದ ಶುರುಮಾಡಿದಳು. ಟೇಪು ಓದುವ ಯಂತ್ರದ ತಲೆ ಒರೆಸಿ, ಒಳ್ಳೆಯ ತಂತಿ ಹಾಕಿ ಮತ್ತೆ ಕಂಪ್ಯೂಟರಿಗೆ ತುಂಬಿಸಿಕೊಂಡಳು. ವಿಡಿಯೋದ ಒಂದೊಂದು ಚಿತ್ರವೂ ಎರಡು ಅರ್ಧ ಸೇರಿ ಆಗುತ್ತದಂತೆ. ಮೊದಲು ಬರಬೇಕಾದ ಅರ್ಧ ಆಮೇಲೆ ಬಂದಿದ್ದರಿಂದಲೇ ಆ ನಡುಕ, ಆರು ಗಂಟೆಯನ್ನು ಒಂದೇ ಡಿಸ್ಕಿಗೆ ಹಿಂಡಿದ್ದರಿಂದ ಆ ಚೌಕ. ಅದನ್ನು ಸರಿಪಡಿಸಿ, ಒಂದೊಂದು ಗಂಟೆಗೂ ಒಂದೊಂದು ಡಿಸ್ಕು ಕೊಟ್ಟಳು. ನೀರು ನೀರಾಯಿತು. ಮರಳು ಮರಳಾಯಿತು. ನೋಡುತ್ತಿದ್ದವಳು ಹಾರಿ ಎದ್ದು ನನ್ನ ಬೆನ್ನಿಗೆ ಗುದ್ದಿದಳು. ತಮ್ಮ ಇನ್ನೂ ಗಾಳಿಯಲ್ಲೇ ಇದ್ದಾನೆ, ಆ ಕುಳಿ ಆಗಲೇ ಮರಳಿನಲ್ಲಿದೆ! ಪ್ರತಿ ಜಿಗಿತದ ನಂತರ ಮರಳು ಸಮ ಮಾಡಬೇಕಾದವನು, ಕಾಫಿ ಹೊತ್ತಾಯಿತೆಂದು ಹಿಂದಿನವನ ಗುರುತು ಅಳಿಸದೆ ಕುಂಟೆ ಒರಗಿಸಿ ಹೋಗಿಬಿಟ್ಟಿದ್ದ.

ಸಮಾರಂಭದ ದಿನ ಡೌವೆ ಡಿಸ್ಕುಗಳ ಸಾಲು ನೋಡಿ ಮುಖ ಸಿಂಡರಿಸಿದ. “ಆರು ಡಿಸ್ಕೇನೇ? ನಿಮ್ಮಪ್ಪನ ಮನೆ ಗಂಟೇನು?”

“ಮೊದ್ಲು ನೋಡು, ಆಮೇಲೆ ಬೈಯಿ.”

ಸಿಬ್ರೆನ್ ಗೋಡೆಗೆ ಆತು ನಿಂತಿದ್ದ. ಬೇಡವೆಂದವನನ್ನು ಅಕ್ಕ ತೋಳು ಹಿಡಿದು ಎಳೆತಂದಿದ್ದಳು. ಜಿಗಿತ ಬಂದಾಗ, ತಮ್ಮ ಗಾಳಿಯಲ್ಲಿರುವಾಗಲೇ ಅವಳು ಚಿತ್ರ ನಿಲ್ಲಿಸಿ ಕುಳಿಯ ಮೇಲೆ ಬೆರಳಿಟ್ಟಳು.

“ಆ ಕುಳೀನ ನೀನೇ ಚಿತ್ರದೊಳಗೆ ಸೇರ್ಸಿದ್ರೆ?” ಎಂದ ಡೌವೆ.

“ತಗೋ ರಿಮೋಟು. ಹಿಂದೆ ಮುಂದೆ ನೀನೇ ಒತ್ತು. ನಂಬಿಕೆ ಇಲ್ದಿದ್ರೆ ಟೇಪೂ ತಂದಿದೀನಿ.”

ಒತ್ತಿದ. ಹಿಂದೆ, ಮುಂದೆ, ಮತ್ತೆ ಹಿಂದೆ. ಸಿಬ್ರೆನ್‌ನ ಎರಡೂ ಕೈ ಕೊನೆಯವರೆಗೂ ಗಳುವಿನ ಮೇಲಿದ್ದವು. ಡೌವೆ ಟೋಪಿ ತೆಗೆದ.

“ಕುಳಿ ಮೊದ್ಲೇ ಇತ್ತು. ನಂದೇ ತಪ್ಪು ಕಣೋ ಸಿಬ್ರೆನ್. ಗೆದ್ದೋನು ನೀನೇ.”

ಮೇಜುಗಳು ಮುರಿಯುವ ಹಾಗೆ ಬಡಿದೆವು. ಫ್ರೌಕೆ ಸೊಂಟಕ್ಕೆ ಕೈಯಿಟ್ಟು ರಾಣಿಯ ಹಾಗೆ ನಿಂತಿದ್ದಳು. ಸಿಬ್ರೆನ್ ಮೂಗು ಒರೆಸಿಕೊಂಡು, “ಅಕ್ಕಾ, ಇನ್ನೊಂದ್ಸಲ ಹಾಕೇ” ಎಂದ.

ಅವತ್ತು ಏಳು ಸಲ ಹಾಕಿದಳು. ಏಳು ಸಲವೂ ಅವನೇ ಗೆದ್ದ.